ಚಳಿಗೆ ಜಗ್ಗದ ಕರೆಂಟು: ಅಜುರಿನ್ ಎಂಬ ನೀಲಿ ಪ್ರೋಟೀನಿನ ಪ್ರಕರಣ

ಎರಡು ಸಂಖ್ಯೆಗಳಿಂದ ಶುರು ಮಾಡೋಣ. ಒಂದು 44. ಇನ್ನೊಂದು 6 ಕೋಟಿ. ಎರಡೂ ಒಂದೇ ಪ್ರೋಟೀನಿಗೆ ಸೇರಿದವು. ಒಂದು ಸೆಕೆಂಡಿನಲ್ಲಿ ಅದರೊಳಗೆ ಎಲೆಕ್ಟ್ರಾನು ಎಷ್ಟು ಸಲ ದಾಟುತ್ತದೆ ಎಂಬ ಲೆಕ್ಕ ಅದು.

ಮೊದಲನೆಯದು 1989ರದ್ದು. ಓಲೆ ಫಾರ್ವರ್ ಮತ್ತು ಇಸ್ರೇಲ್ ಪೆಕ್ಟ್ ಎಂಬ ಇಬ್ಬರು ವಿಜ್ಞಾನಿಗಳು ಅಜುರಿನ್ ಎಂಬ ಪ್ರೋಟೀನನ್ನು ನೀರಿನಲ್ಲಿ ಕರಗಿಸಿದರು. ಅದರ ಒಂದು ತುದಿಯಲ್ಲಿ ಎರಡು ಗಂಧಕದ ಪರಮಾಣುಗಳು ಜೋಡಿಯಾಗಿ ಕೂತಿವೆ. ಆ ಜೋಡಿಗೆ ಒಂದು ಎಲೆಕ್ಟ್ರಾನ್ ಕೊಟ್ಟು, ಅಲ್ಲಿಂದ 2.6 ನ್ಯಾನೋಮೀಟರ್ ದೂರದಲ್ಲಿರುವ ತಾಮ್ರಕ್ಕೆ ಅದು ಯಾವಾಗ ಬಂದು ಸೇರುತ್ತದೆ ಎಂದು ಕಾದು ನೋಡಿದರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಕ್ಕ ದರ ಸೆಕೆಂಡಿಗೆ ಸುಮಾರು 44. ಅಂದರೆ ಒಂದು ಸಲ ದಾಟಲು 20 ಮಿಲಿಸೆಕೆಂಡಿನ ಆಚೀಚೆ. ಎಲೆಕ್ಟ್ರಾನಿನ ಲೋಕದಲ್ಲಿ ಇದು ಆಮೆ ನಡಿಗೆ.

ಎರಡನೆಯದು ಬಾರ್ಸಿಲೋನಾದ್ದು. 2012ರಲ್ಲಿ ಅಲ್ಲಿನ ಗುಂಪೊಂದು ಇದೇ ಅಜುರಿನ್‌ನ ಒಂದೇ ಒಂದು ಅಣುವನ್ನು ಎರಡು ಲೋಹದ ತುದಿಗಳ ನಡುವೆ ಸಿಕ್ಕಿಸಿ ವಾಹಕತೆ ಅಳೆಯಿತು. ವಾಹಕತೆಗೆ ಪ್ರಕೃತಿಯೇ ಕೊಟ್ಟ ಒಂದು ಅಳತೆಗೋಲಿದೆ, ಕ್ವಾಂಟಮ್ ವಾಹಕತೆ ಅಂತ. ಅದರ ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು ಸಿಕ್ಕಿತು. ಕಡಿಮೆ ಅನಿಸುತ್ತದೆ, ಅಲ್ವಾ? 0.1 ವೋಲ್ಟ್ ಕೊಟ್ಟರೆ ಇದು ಹತ್ತಾರು ಪಿಕೋಆಂಪಿಯರ್ (ಆಂಪಿಯರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಆಗುತ್ತದೆ. ಬರೀ ಹತ್ತು ಪಿಕೋಆಂಪಿಯರ್ ಎಂದೇ ಇಟ್ಟುಕೊಳ್ಳಿ. ಅದು ಸೆಕೆಂಡಿಗೆ 6 ಕೋಟಿಗೂ ಜಾಸ್ತಿ ಎಲೆಕ್ಟ್ರಾನ್.

44 ಎಲ್ಲಿ, 6 ಕೋಟಿ ಎಲ್ಲಿ! ಈ ಎರಡು ಅಳತೆಗಳನ್ನು ಪಕ್ಕಪಕ್ಕ ಇಡುವುದೇ ತಪ್ಪು ಎಂದು ರಸಾಯನಶಾಸ್ತ್ರದವರು ತಕ್ಷಣ ಹೇಳುತ್ತಾರೆ. ಒಂದರಲ್ಲಿ ಎಲೆಕ್ಟ್ರಾನು ಬಂದು ತಾಮ್ರದ ಮೇಲೆ ಕೂರುತ್ತದೆ. ಇನ್ನೊಂದರಲ್ಲಿ ಲೋಹದಿಂದ ಲೋಹಕ್ಕೆ ಹಾದು ಹೋಗುತ್ತದೆ. ಅವರ ಮಾತು ಸರಿ. ಆದರೆ ಕೂರುವುದಕ್ಕೂ ಹಾದು ಹೋಗುವುದಕ್ಕೂ ಇಷ್ಟು ಅಂತರ ಯಾಕೆ? ನಡುವೆ ಇರುವ ಪ್ರೋಟೀನು ಅದೇ ತಾನೆ?

ಯಾರು ಈ ಅಜುರಿನ್?

ಸ್ಯೂಡೋಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾ ಇದೆ. ಮಣ್ಣು, ನೀರು, ಆಸ್ಪತ್ರೆಯ ಸುಟ್ಟಗಾಯ, ಎಲ್ಲೆಡೆ ಸಿಗುತ್ತದೆ. ಅದರೊಳಗೆ ಎಲೆಕ್ಟ್ರಾನ್ ಕೊಂಡೊಯ್ಯುವ ಪುಟ್ಟ ಹಮಾಲಿ ಈ ಅಜುರಿನ್. 128 ಅಮೈನೋ ಆಮ್ಲಗಳ ಸರ, ಪೀಪಾಯಿಯ ಹಾಗೆ ಸುತ್ತಿಕೊಂಡಿದೆ. ಪೀಪಾಯಿಯ ಒಂದು ತುದಿಗೆ ಹತ್ತಿರ ಒಂದೇ ಒಂದು ತಾಮ್ರದ ಅಯಾನು. ಆ ತಾಮ್ರಕ್ಕೂ ಪಕ್ಕದ ಗಂಧಕಕ್ಕೂ ಇರುವ ನಂಟಿನಿಂದ 625 ನ್ಯಾನೋಮೀಟರ್ ಸುತ್ತಿನ ಕೆಂಪು-ಕಿತ್ತಳೆ ಬೆಳಕು ಹೀರಿಹೋಗುತ್ತದೆ. ಉಳಿದದ್ದು ಕಣ್ಣಿಗೆ ಕಡುನೀಲಿ.

ಸಂಶೋಧಕರು ಇದಕ್ಕೆ ಅಂಟಿಕೊಂಡದ್ದಕ್ಕೆ ಕಾರಣಗಳಿವೆ. ಗಟ್ಟಿ ಪ್ರೋಟೀನು, ಸುಲಭಕ್ಕೆ ಕೆಡುವುದಿಲ್ಲ. ನೀಲಿ ಇದ್ದರೆ ತಾಮ್ರ ತನ್ನ ಜಾಗದಲ್ಲಿದೆ ಎಂದು ನೋಡಿದರೇ ಗೊತ್ತಾಗುತ್ತದೆ. ತಾಮ್ರ ತೆಗೆದರೂ ಪೀಪಾಯಿಯ ಆಕಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹೀಗಾಗಿ ತಾಮ್ರ ಇದ್ದಾಗ ಹೇಗೆ, ಇಲ್ಲದಾಗ ಹೇಗೆ ಎಂದು ಹೋಲಿಸಬಹುದು. ಎಲ್ಲಕ್ಕಿಂತ ದೊಡ್ಡ ಅನುಕೂಲ ಇನ್ನೊಂದು ತುದಿಯ ಆ ಗಂಧಕದ ಜೋಡಿ. ಬೆಳ್ಳಿ ಗೆಜ್ಜೆ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಚಿನ್ನ ಹಾಗೆ ಕಪ್ಪಾಗುವುದಿಲ್ಲ, ಆದರೆ ಗಂಧಕ ಅದನ್ನೂ ಬಿಗಿಯಾಗಿ ಹಿಡಿಯುತ್ತದೆ. ಅಜುರಿನ್ ಕರಗಿದ ನೀರಿನಲ್ಲಿ ಚಿನ್ನದ ತಗಡು ಅದ್ದಿದರೆ ಸಾಕು, ಪ್ರೋಟೀನು ತಾನಾಗಿಯೇ ಹೋಗಿ ಕಾಲೂರಿ ನಿಲ್ಲುತ್ತದೆ. ತಾಮ್ರದ ತುದಿ ಮೇಲಕ್ಕೆ ಬರುತ್ತದೆ. ನಿಸರ್ಗ ಇದನ್ನು ವೈರ್ ಮಾಡಲೆಂದೇ ಮಾಡಿಟ್ಟಿದೆಯೇನೋ ಅನ್ನುವಷ್ಟು ಅಚ್ಚುಕಟ್ಟು. ಈ ಆಸೆಯಿಂದಲೇ 2005ರಲ್ಲಿ ಇಟಲಿಯ ಲೆಚ್ಚೆಯ ಗುಂಪು ಅಜುರಿನ್ ಬಳಸಿದ ಟ್ರಾನ್ಸಿಸ್ಟರಿನ ಮಾದರಿಯನ್ನೇ ಮಾಡಿ ತೋರಿಸಿತು.

ರೇಕು ಹಾಸಿದ ಹಾಗೆ

ಕೆಳಗಿನ ಸಂಪರ್ಕ ಸುಲಭ. ಮೇಲಿನದೇ ತಲೆನೋವು. ಮಾಮೂಲಿ ಎಲೆಕ್ಟ್ರಾನಿಕ್ಸ್‌ನಲ್ಲಿ ಮಾಡುವಂತೆ ಚಿನ್ನವನ್ನು ಆವಿ ಮಾಡಿ ಮೇಲೆ ಕೂರಿಸಿದರೆ ಪ್ರೋಟೀನು ಬೆಂದು ಹೋಗುತ್ತದೆ, ಕಾವಲಿ ಮೇಲೆ ಒಡೆದ ಮೊಟ್ಟೆಯ ಹಾಗೆ. ಇಸ್ರೇಲಿನ ರೆಹೊವೊತ್‌ನಲ್ಲಿರುವ ವೈಜ್‌ಮನ್ ಸಂಸ್ಥೆಯ ಡೇವಿಡ್ ಕಾಹೆನ್, ಮೊರ್ದೆಖೈ ಶೆವೆಸ್ ಮತ್ತು ಅದೇ ಇಸ್ರೇಲ್ ಪೆಕ್ಟ್ ಅವರ ಗುಂಪು ಇದಕ್ಕೆ ನಾಜೂಕಾದ ದಾರಿ ಬಳಸಿತು. ತೆಳು ಚಿನ್ನದ ಹಾಳೆಯನ್ನು ಬೇರೆ ಕಡೆ ಮಾಡಿ, ದ್ರವದ ಮೇಲೆ ತೇಲಿಸಿ, ಮೆಲ್ಲಗೆ ಪ್ರೋಟೀನಿನ ಮೇಲೆ ಇಳಿಸುವುದು. ಬರ್ಫಿಯ ಮೇಲೆ ಬೆಳ್ಳಿ ರೇಕು ಹಾಸುತ್ತಾರಲ್ಲ, ಹಾಗೆ. ಹೀಗೆ ಮಾಡಿದಾಗ ಸಿಗುವುದು ಒಂದು ಅಣುವಲ್ಲ, ಒಂದೇ ಪದರದಲ್ಲಿ ಒತ್ತೊತ್ತಾಗಿ ನಿಂತ ಕೋಟಿಗಟ್ಟಲೆ ಅಣುಗಳ ಚಾಪೆ. ಒಂದೊಂದರ ಗುಣ ಇದರಲ್ಲಿ ಕಾಣಿಸುವುದಿಲ್ಲ. ಆದರೆ ಕರೆಂಟು ದೊಡ್ಡದಿರುವುದರಿಂದ ಕೊರೆಯುವ ಚಳಿಯಲ್ಲೂ ಅಳೆಯಬಹುದು.

ಒಂದೇ ಅಣು ಬೇಕಾದರೆ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿನ ಸೂಜಿ ಬೇಕು. ಅದನ್ನು ಪ್ರೋಟೀನಿನ ತೀರಾ ಹತ್ತಿರ ತಂದು, ಅಲ್ಲಾಡಿಸದೆ ಹಿಡಿದು, ಸುಮ್ನೆ ಕಾಯುವುದು ಒಂದು ವಿಧಾನ. ಯಾವಾಗಲೋ ಒಂದು ಅಣು ಸೂಜಿಗೂ ತಗಡಿಗೂ ಸೇತುವೆಯಾಗುತ್ತದೆ. ಕರೆಂಟು ಮೆಟ್ಟಿಲಿನಂತೆ ಮೇಲೆ ಹಾರುತ್ತದೆ. ಅಣು ಕಳಚಿಕೊಂಡಾಗ ಮತ್ತೆ ಕೆಳಗೆ. ಇಂಥ ನೂರಾರು ಮೆಟ್ಟಿಲುಗಳನ್ನು ಒಟ್ಟು ಹಾಕಿದ ಮೇಲೆಯೇ ಒಂದು ನಂಬುವಂಥ ಸಂಖ್ಯೆ ಬರುತ್ತದೆ. ಗಾಳ ಹಾಕಿ ಕೂತವರ ತಾಳ್ಮೆ ಬೇಕು ಇದಕ್ಕೆ.

ಚಳಿಯ ಪರೀಕ್ಷೆ

ಎಲೆಕ್ಟ್ರಾನು ಪ್ರೋಟೀನಿನ ಮೂಲಕ ಹೋಗಲು ಪಠ್ಯಪುಸ್ತಕದಲ್ಲಿ ಎರಡು ದಾರಿಗಳಿವೆ. ಒಂದು ಕುಪ್ಪಳಿಸುವುದು. ಹೊಳೆ ದಾಟಲು ಇಟ್ಟ ಕಲ್ಲುಗಳ ಮೇಲೆ ಹೆಜ್ಜೆ ಇಟ್ಟ ಹಾಗೆ, ಮಧ್ಯೆ ಎಲ್ಲಾದರೂ ನಿಂತು, ಮುಂದೆ ಹಾರುವುದು. ಇಲ್ಲಿ ನಿಲ್ಲುವುದಕ್ಕೆ ಬೆಲೆ ತೆರಬೇಕು. ತುಂಬಿದ ಬಸ್ಸಿನಲ್ಲಿ ಇನ್ನೊಬ್ಬರು ಕೂರಬೇಕಾದರೆ ಉಳಿದವರೆಲ್ಲ ಸ್ವಲ್ಪ ಸ್ವಲ್ಪ ಸರಿಯಬೇಕು. ಎಲೆಕ್ಟ್ರಾನು ತಾಮ್ರದ ಮೇಲೆ ಕೂತರೆ ಸುತ್ತಲಿನ ಪರಮಾಣುಗಳು, ನೀರಿನ ಅಣುಗಳು, ಅಯಾನುಗಳು ಎಲ್ಲ ಹೊಸದಾಗಿ ಹೊಂದಿಕೊಳ್ಳಬೇಕು. ಈ ಲೆಕ್ಕಾಚಾರ ಕೊಟ್ಟದ್ದಕ್ಕೆ ರುಡಾಲ್ಫ್ ಮಾರ್ಕಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಅಜುರಿನ್‌ಗೆ ಈ ಹೊಂದಾಣಿಕೆಯ ಬೆಲೆ ಸುಮಾರು 0.8 ಎಲೆಕ್ಟ್ರಾನ್ ವೋಲ್ಟ್. ಆ ಬೆಲೆಗೆ ದುಡ್ಡು ಹೊಂದಿಸುವುದು ಶಾಖ. ಹಾಗಾಗಿ ತಣ್ಣಗೆ ಮಾಡಿದಷ್ಟೂ ಕುಪ್ಪಳಿಸುವ ಕರೆಂಟು ಕಡಿಮೆಯಾಗುತ್ತಾ ಹೋಗಬೇಕು.

ಇನ್ನೊಂದು ದಾರಿ ಟನೆಲಿಂಗ್. ಎಲ್ಲೂ ನಿಲ್ಲದೆ, ಗೋಡೆಯೊಳಗಿಂದಲೇ ಒಂದೇ ಉಸಿರಿಗೆ ಆಚೆ ಹೋಗುವುದು. ಶಾಖಕ್ಕೂ ಇದಕ್ಕೂ ಸಂಬಂಧ ಕಡಿಮೆ. ಆದರೆ ದೂರ ಹೆಚ್ಚಿದಂತೆ ಇದು ಭಯಂಕರವಾಗಿ ಕುಸಿಯುತ್ತದೆ. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಹ್ಯಾರಿ ಗ್ರೇ ಮತ್ತು ಜೊತೆಗಾರರು ದ್ರಾವಣದಲ್ಲಿ ಅಜುರಿನ್ ಮೇಲೆಯೇ ಇದನ್ನು ಅಳೆದಿದ್ದಾರೆ. ಒಂದು ಆಂಗ್‌ಸ್ಟ್ರಾಮ್, ಅಂದರೆ ನ್ಯಾನೋಮೀಟರಿನ ಹತ್ತನೇ ಒಂದು ಪಾಲು, ದೂರ ಹೆಚ್ಚಾದರೆ ದರ ಮೂರನೇ ಒಂದಕ್ಕೆ ಇಳಿಯುತ್ತದೆ. ಒಂದು ನ್ಯಾನೋಮೀಟರಿಗೆ ಸುಮಾರು 60 ಸಾವಿರ ಪಟ್ಟು ಇಳಿತ.

ಹಾಗಾದರೆ ಯಾವ ದಾರಿ? ತಣ್ಣಗೆ ಮಾಡಿ ನೋಡಿದರೆ ಗೊತ್ತಾಗುತ್ತದೆ. 2011ರಲ್ಲಿ ರೆಹೊವೊತ್ ಗುಂಪು ಅದನ್ನೇ ಮಾಡಿತು. ಒಣ ಅಜುರಿನ್ ಚಾಪೆಯನ್ನು 80 ಕೆಲ್ವಿನ್‌ಗೆ, ಅಂದರೆ ಮೈನಸ್ 193 ಡಿಗ್ರಿಗೆ ಇಳಿಸಿದರು. ಅಲ್ಲಿಂದ ಪ್ರೋಟೀನು ಕೆಟ್ಟು ಬಿಚ್ಚಿಕೊಳ್ಳುವ ಬಿಸಿಯವರೆಗೂ ಏರಿಸಿದರು. ಕರೆಂಟು ಬದಲಾಗಲೇ ಇಲ್ಲ! 2020ರಲ್ಲಿ ಅದೇ ಗುಂಪು 4 ಕೆಲ್ವಿನ್‌ವರೆಗೆ ಹೋಯಿತು. ಹೀಲಿಯಂ ದ್ರವವಾಗುವ ಚಳಿ ಅದು. ಆಗಲೂ ಅದೇ ಕಥೆ.

ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಬಾಟಲಿಯಿಂದ ಬೀಳದೆ ನಿಲ್ಲುವುದನ್ನು ನೋಡಿದ ನಮಗೆ, ಹೆಪ್ಪುಗಟ್ಟಿದ ಪ್ರೋಟೀನಿನಲ್ಲಿ ಕರೆಂಟು ಹರಿಯುವುದು ವಿಚಿತ್ರ ಅನಿಸಬೇಕು. ಆದರೆ ಇದಕ್ಕೆ ಒಂದು ಹಳೆಯ ಪೂರ್ವಸೂಚನೆ ಇತ್ತು. 1966ರಲ್ಲಿ ಡಿವಾಲ್ಟ್ ಮತ್ತು ಚಾನ್ಸ್ ಎಂಬಿಬ್ಬರು ಕ್ರೊಮೇಷಿಯಮ್ ಬ್ಯಾಕ್ಟೀರಿಯಾದ ಸೈಟೋಕ್ರೋಮ್ ಎಂಬ ಕಬ್ಬಿಣದ ಪ್ರೋಟೀನಿನಲ್ಲಿ ಇಂಥದ್ದೇ ಕಂಡಿದ್ದರು. ಅಲ್ಲಿ ಸುಮಾರು 100 ಕೆಲ್ವಿನ್‌ವರೆಗೆ ದರ ಇಳಿಯುತ್ತಾ ಬಂದು, ಆಮೇಲೆ ಸಮತಟ್ಟಾಯಿತು. ಅಜುರಿನ್‌ನಲ್ಲಿ ಆ ಇಳಿಜಾರೇ ಇಲ್ಲ. ಮೊದಲಿನಿಂದಲೂ ಸಮತಟ್ಟು.

ಸರಿ, ಟನೆಲಿಂಗ್ ಎಂದು ತೀರ್ಪು ಕೊಟ್ಟು ಕಡತ ಮುಚ್ಚೋಣವೇ? ಒಂದು ಒರಟು ಲೆಕ್ಕ ಮಾಡಿ ನೋಡಿದೆ. ದೂರ 3 ನ್ಯಾನೋಮೀಟರ್, ವೋಲ್ಟೇಜ್ 0.1, ಇಳಿತ ಗ್ರೇ ಅವರ ಲೆಕ್ಕದ್ದೇ, ಸಂಪರ್ಕಗಳು ಪರಿಪೂರ್ಣ. ಉತ್ತರ: ನಾಲ್ಕೈದು ಸೆಕೆಂಡಿಗೆ ಒಂದು ಎಲೆಕ್ಟ್ರಾನ್. ಅಳತೆಯಲ್ಲಿ ಸಿಕ್ಕಿದ್ದು ಸೆಕೆಂಡಿಗೆ ಕೋಟಿಗಟ್ಟಲೆ. ನೂರು ಕೋಟಿ ಪಟ್ಟಿನ ಆಸುಪಾಸಿನ ಅಂತರ! ಅಂದರೆ ಕುಪ್ಪಳಿಸುವ ಕಥೆಗೆ ಚಳಿ ಅಡ್ಡ ಬರುತ್ತದೆ, ಟನೆಲಿಂಗ್ ಕಥೆಗೆ ದೂರ ಅಡ್ಡ ಬರುತ್ತದೆ. ಇಬ್ಬರು ಶಂಕಿತರಿಗೂ ಗಟ್ಟಿಯಾದ ಸಾಕ್ಷಿಯೇ ಇದೆ, ನಾನು ಅಲ್ಲಿರಲಿಲ್ಲ ಅಂತ.

ಸುಳಿವುಗಳು

ಮೊದಲು ತಾಮ್ರವನ್ನು ತೆಗೆದು ನೋಡಿದರು. ತಾಮ್ರವಿಲ್ಲದ ಅಜುರಿನ್‌ನಲ್ಲಿ ಸುಮಾರು 200 ಕೆಲ್ವಿನ್‌ನಿಂದ ಮೇಲೆ ಕರೆಂಟು ಶಾಖದ ಜೊತೆ ಏರತೊಡಗಿತು. ಹಾಗಾದರೆ ಚಳಿಗೆ ಜಗ್ಗದ ಗುಣ ಪೀಪಾಯಿಯದ್ದಲ್ಲ, ತಾಮ್ರ ಇದ್ದಾಗಿನದ್ದು. ಎಲೆಕ್ಟ್ರಾನು ತಾಮ್ರದ ಮೇಲೆ ಕೂರುವುದಿಲ್ಲ, ಆದರೂ ತಾಮ್ರ ಇರಲೇಬೇಕು. ಊರ ಹಿರಿಯರು ಮಾತಾಡದೆ ಕೂತಿದ್ದರೂ ಪಂಚಾಯ್ತಿ ಬೇರೆ ಥರ ನಡೆಯುತ್ತದಲ್ಲ, ಹಾಗೆ.

2013ರ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಪ್ರೋಟೀನಿನ ಹೈಡ್ರೋಜನ್ ಜಾಗದಲ್ಲಿ ಡ್ಯುಟೀರಿಯಂ, ಅಂದರೆ ಭಾರದ ಹೈಡ್ರೋಜನ್, ಸೇರಿಸಿದರು. ರಾಸಾಯನಿಕವಾಗಿ ಎರಡೂ ಒಂದೇ, ತೂಕ ಮಾತ್ರ ಎರಡರಷ್ಟು. ಎಲೆಕ್ಟ್ರಾನಿಗೆ ಇದು ಗೊತ್ತೇ ಆಗಬಾರದು. ಆದರೆ 180 ಕೆಲ್ವಿನ್‌ಗಿಂತ ಕೆಳಗೆ ಕರೆಂಟು ಒಂಬತ್ತನೇ ಒಂದಕ್ಕೆ ಇಳಿಯಿತು! ಮೇಲೆ ಹೋದಂತೆ ಅಂತರ ಕಡಿಮೆಯಾಗಿ, 340 ಕೆಲ್ವಿನ್‌ನಲ್ಲಿ 1.8 ಪಟ್ಟಿಗೆ ಬಂತು. ಚಳಿಗೆ ಜಗ್ಗದಿದ್ದ ಕರೆಂಟು ಈಗ 180ರ ಮೇಲೆ ಶಾಖಕ್ಕೆ ಸ್ಪಂದಿಸತೊಡಗಿತು. ಇನ್ನೂ ತಮಾಷೆ ಏನೆಂದರೆ, ನೀರಿನಲ್ಲಿ ಕರಗಿದ ಅಜುರಿನ್‌ನಲ್ಲಿ ಡ್ಯುಟೀರಿಯಂನ ಪರಿಣಾಮ ಇದಕ್ಕೆ ಉಲ್ಟಾ ಎಂದು ಮೊದಲೇ ಗೊತ್ತಿತ್ತು. ಎಲೆಕ್ಟ್ರಾನು ಖಾಲಿ ಜಾಗದಲ್ಲಿ ಹಾರುತ್ತಿಲ್ಲ, ಪೀಪಾಯಿಯ ಹಲಗೆಗಳನ್ನು ಕಟ್ಟಿರುವ, ಹೈಡ್ರೋಜನ್ ಇರುವ ಬಂಧಗಳ ಮೂಲಕವೇ ಹೋಗುತ್ತಿರಬೇಕು ಎಂಬುದು ಗುಂಪಿನ ಊಹೆ. ದೂರದ ಒಗಟು ಇದರಿಂದ ಪೂರ್ತಿ ಬಿಡಿಸಿದಂತಾಗುವುದಿಲ್ಲ. ಗಂಟು ಸ್ವಲ್ಪ ಸಡಿಲವಾಯಿತು ಅಷ್ಟೆ.

ಇಲ್ಲಿಯವರೆಗೆ ಎಲ್ಲರ ಕಣ್ಣು ಪ್ರೋಟೀನಿನ ಮೇಲೆ. ಮುಂದಿನ ಮೂರು ಪ್ರಯೋಗಗಳು ಕಣ್ಣನ್ನು ಬಾಗಿಲಿನ ಕಡೆ, ಅಂದರೆ ಪ್ರೋಟೀನು ಲೋಹಕ್ಕೆ ತಾಗುವ ಜಾಗದ ಕಡೆ ತಿರುಗಿಸಿದವು.

2012ರಲ್ಲಿ ಸೂಜಿಯಿಂದ ಒತ್ತಿ ನೋಡಿದರು. ಒತ್ತಡ 6ರಿಂದ 12 ನ್ಯಾನೋನ್ಯೂಟನ್, ಶಾಖ ಮೈನಸ್ 25ರಿಂದ 100 ಡಿಗ್ರಿವರೆಗೆ. ಮೆಲ್ಲಗೆ ಒತ್ತಿದಾಗ ಕರೆಂಟು ಶಾಖಕ್ಕೆ ಕ್ಯಾರೇ ಅನ್ನಲಿಲ್ಲ. ಜೋರಾಗಿ ಒತ್ತಿದಾಗ, ಮೇಲಿನ ಶಾಖದಲ್ಲಿ ಅದೇ ಅಜುರಿನ್ ಶಾಖಕ್ಕೆ ತಕ್ಕಂತೆ ಕುಣಿಯಿತು. ಪ್ರೋಟೀನು ಅದೇ, ಸೂಜಿಯೂ ಅದೇ, ಬದಲಾದದ್ದು ಒತ್ತಿದ ರೀತಿ.

2017ರಲ್ಲಿ ಬಾರ್ಸಿಲೋನಾದವರು ಒಂದೇ ಒಂದು ಅಮೈನೋ ಆಮ್ಲ ಬದಲಾಯಿಸಿದರು. ಅದೂ ತಾಮ್ರಕ್ಕೆ ಅಂಟಿಕೊಂಡದ್ದನ್ನಲ್ಲ, ಪ್ರೋಟೀನಿನ ಹೊರಮೈಯಲ್ಲಿ, ಬೇರೆ ಅಣುಗಳು ಬಂದು ಕೂಡುವ ಎಣ್ಣೆ-ಜಿಡ್ಡಿನ ಗುಣದ ಜಾಗದಲ್ಲಿ. ತಾಮ್ರದ ಸುತ್ತ ಹೆಚ್ಚೇನೂ ಕದಲಲಿಲ್ಲ. ಆದರೆ ಕರೆಂಟು ಹೋಗುವ ಬಗೆಯೇ ಬದಲಾಯಿತು. ಮೂಲ ಅಜುರಿನ್‌ನಲ್ಲಿ ಎಲೆಕ್ಟ್ರಾನು ತಾಮ್ರದ ಮೂಲಕ ಎರಡು ಹೆಜ್ಜೆಯಲ್ಲಿ ದಾಟುತ್ತಿತ್ತು. ಬದಲಾದ ಅಜುರಿನ್‌ನಲ್ಲಿ ನೇರ ಟನೆಲಿಂಗ್.

ಮೂರನೆಯದು 2018ರ ರೆಹೊವೊತ್ ಕೆಲಸ, 10 ಕೆಲ್ವಿನ್ ಚಳಿಯಲ್ಲಿ. ಪ್ರೋಟೀನಿಗೂ ಚಿನ್ನಕ್ಕೂ ಮಧ್ಯೆ ಒಂದು ಸಣ್ಣ ಅಣುವಿನ ಮೆತ್ತೆ ಇಟ್ಟರು. ನಮ್ಮ ಸಾಮಾನ್ಯ ಬುದ್ಧಿಗೆ ಇದು ಹಿಡಿತ ಸಡಿಲ ಮಾಡಿದ ಹಾಗೆ, ಸಂಗತಿ ಮಸುಕಾಗಬೇಕು. ಆದದ್ದು ಉಲ್ಟಾ. ಅಲ್ಲಿಯವರೆಗೆ ಕಾಣದಿದ್ದ ತಾಮ್ರ ಈಗ ಕಂಡಿತು! ಎಲೆಕ್ಟ್ರಾನಿನ ಶಕ್ತಿ ತಾಮ್ರದ ಮಟ್ಟಕ್ಕೆ ಸರಿಹೊಂದಿದಾಗ ಕರೆಂಟು ಏರುವ ಅನುರಣನ ಸಿಕ್ಕಿತು. ಅದರ ಮೇಲೆ, ತಾಮ್ರವನ್ನು ಹಿಡಿದಿರುವ ಬಂಧಗಳು ಕಂಪಿಸುವ ಗುರುತೂ ಕರೆಂಟಿನಲ್ಲಿ ಮೂಡಿತ್ತು. ಮೆತ್ತೆ ಇಲ್ಲದಾಗ ಚಿನ್ನ ತೀರಾ ಮೇಲೆ ಬಿದ್ದು ತಾಮ್ರದ ಎಲೆಕ್ಟ್ರಾನ್ ಮಟ್ಟವನ್ನು ಕಲಕಿಬಿಟ್ಟಿತ್ತು. ಪಕ್ಕದಲ್ಲಿ ನಿಂತು ಭುಜ ಅದುಮುತ್ತಿದ್ದವರು ಸ್ವಲ್ಪ ಸರಿದ ಮೇಲೆ ಮಾತಾಡತೊಡಗಿದ ಹುಡುಗನ ಹಾಗೆ.

ಹಾಗಾದರೆ ಅಳೆದದ್ದು ಏನು?

ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. 3 ನ್ಯಾನೋಮೀಟರ್ ಪ್ರೋಟೀನಿಗೆ ಎರಡು ಕಡೆ ಲೋಹದ ಬೆಟ್ಟಗಳು. ಇಂಥ ಸಾಧನದಲ್ಲಿ "ಅಜುರಿನ್‌ನ ವಾಹಕತೆ" ಎಂಬ ಒಂದು ಸಂಖ್ಯೆ ಇದೆ ಎಂದುಕೊಳ್ಳುವುದೇ ತಪ್ಪು ಎಂದು ನನ್ನ ಅನಿಸಿಕೆ. ಚಿನ್ನ, ಗಂಧಕ, ಅಜುರಿನ್, ಮೆತ್ತೆ, ಚಿನ್ನ, ಇಷ್ಟೂ ಸೇರಿದ ಒಂದು ವಸ್ತುವಿನ ವಾಹಕತೆ ಅದು. ತಾಮ್ರದ ತಂತಿಗೆ ಕ್ಲಿಪ್ ಹಾಕಿ ಅಳೆದಾಗ ಕ್ಲಿಪ್ಪನ್ನು ಲೆಕ್ಕದಿಂದ ಬಿಡಬಹುದು. ಇಲ್ಲಿ ಕ್ಲಿಪ್ಪೇ ಅರ್ಧ ಸಾಧನ.

44 ಮತ್ತು 6 ಕೋಟಿಯ ಜಗಳಕ್ಕೂ ಸ್ವಲ್ಪ ಬೆಳಕು ಇಲ್ಲೇ ಸಿಗುತ್ತದೆ. ಫಾರ್ವರ್ ಮತ್ತು ಪೆಕ್ಟ್ ಅವರ ಪ್ರಯೋಗದಲ್ಲಿ ಲೋಹವೇ ಇರಲಿಲ್ಲ. ಎಲೆಕ್ಟ್ರಾನು ಕೂರಲೇಬೇಕಿತ್ತು, ಬಸ್ಸಿನವರೆಲ್ಲ ಸರಿಯಲೇಬೇಕಿತ್ತು. ಚಿನ್ನದ ನಡುವೆ ಸಿಕ್ಕ ಒಣ ಅಜುರಿನ್‌ನಲ್ಲಿ ಸುತ್ತ ಸರಿಯಲು ನೀರಿಲ್ಲ, ಅಯಾನುಗಳಿಲ್ಲ. ಕೂರಲು ಪುರುಸೊತ್ತೂ ಇಲ್ಲ.

ಆದರೆ ಒಂದು ಮುಳ್ಳು ಉಳಿದಿದೆ, ಅದನ್ನು ಮುಚ್ಚಿಡಬಾರದು. ಬಾರ್ಸಿಲೋನಾದ ಸಾಧನ ದ್ರವದೊಳಗೆ ಇದ್ದದ್ದು. ಅಲ್ಲಿ ದ್ರವದ ಮೂಲಕ ತಾಮ್ರದ ಮಟ್ಟವನ್ನು ಮೇಲೆ ಕೆಳಗೆ ಮಾಡಿದರೆ ಕರೆಂಟು ಏರಿ ಇಳಿಯುತ್ತದೆ, ಟ್ರಾನ್ಸಿಸ್ಟರಿನ ಗೇಟ್ ಹಾಗೆ. 2005ರಲ್ಲಿ ಡೆನ್ಮಾರ್ಕಿನ ಚಿ, ಫಾರ್ವರ್ ಮತ್ತು ಉಲ್ಸ್‌ಟ್ರುಪ್ ಅವರೂ ಒಂಟಿ ಅಣುಗಳಲ್ಲಿ ಇದನ್ನು ಕಂಡಿದ್ದರು. ಅಂದರೆ ಒದ್ದೆ ಅಜುರಿನ್‌ನಲ್ಲಿ ತಾಮ್ರ ನಿಲ್ದಾಣದ ಹಾಗೆ ವರ್ತಿಸುತ್ತದೆ. ಒಣ ಅಜುರಿನ್‌ನಲ್ಲಿ ಅದು ದಾರಿಬದಿಯ ಕೈಮರ. ನೀರು, ಒತ್ತಡ, ಸಂಪರ್ಕ, ಇವುಗಳಲ್ಲಿ ಯಾವುದರ ಪಾಲು ಎಷ್ಟು? ಎರಡೂ ಗುಂಪಿನ ಫಲಿತಾಂಶ ಓದಿದ ಮೇಲೆ ನನಗೆ ಅನಿಸುವುದು, ಒಂದೇ ಅಣುವನ್ನು ಒದ್ದೆಯಿಂದ ಒಣಗಿನವರೆಗೆ ಹಂತಹಂತವಾಗಿ ಒಯ್ಯದೆ ಇದು ತೀರುವುದಿಲ್ಲ. ಗಾಳ ಹಾಕಿ ಹಿಡಿದ ಮೀನನ್ನು ಕೈಯಲ್ಲೇ ಹಿಡಿದು ಊರು ಸುತ್ತಿದಷ್ಟು ಕಷ್ಟದ ಕೆಲಸ.

ಪ್ರೋಟೀನ್ ಟ್ರಾನ್ಸಿಸ್ಟರು ಸಿಲಿಕಾನನ್ನು ಮನೆಗೆ ಕಳಿಸುತ್ತದೆ ಎಂಬ ಮಾತುಗಳನ್ನು ಆಗಾಗ ಕೇಳುತ್ತೇವೆ. ಬಾಗಿಲು ಒತ್ತಿದ ಬಿರುಸಿಗೆ ಗುಣ ಬದಲಾಗುವ ಸಾಧನವನ್ನು ಕೋಟಿಗಟ್ಟಲೆ ಒಂದೇ ಅಚ್ಚಿನಲ್ಲಿ ತಯಾರಿಸುವುದು ನನಗಂತೂ ಊಹೆಗೆ ನಿಲುಕುವುದಿಲ್ಲ. ಸಂವೇದಕಗಳ ಮಾತು ಬೇರೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲಿಂಡ್ಸೆ ಅವರ ಗುಂಪು ತಾಮ್ರ, ಕಬ್ಬಿಣ ಯಾವುದೂ ಇಲ್ಲದ ಪ್ರೋಟೀನುಗಳನ್ನು ವೈರ್ ಮಾಡಿದೆ. ಪ್ರೋಟೀನಿಗೆ ನಿರ್ದಿಷ್ಟವಾಗಿ ಅಂಟುವ ಅಣುವನ್ನು ಬಾಗಿಲಾಗಿ ಬಳಸಿದರೆ ಅವುಗಳಲ್ಲೂ ಕರೆಂಟು ಸರಾಗ. 2020ರಲ್ಲಿ ಅವರು ಡಿಎನ್‌ಎ ನಕಲು ಮಾಡುವ ಫೈ29 ಎಂಬ ಕಿಣ್ವವನ್ನು ಹೀಗೆ ಸಿಕ್ಕಿಸಿ, ಅದು ಕೆಲಸ ಮಾಡುವಾಗ ಕರೆಂಟು ಮಿಲಿಸೆಕೆಂಡುಗಳಲ್ಲಿ ಕುಣಿಯುವುದನ್ನು ದಾಖಲಿಸಿದರು. ಒಂದು ಕಡೆ ಮಾತ್ರ ಸರಿಯಾಗಿ ಅಂಟಿಸಿ ಇನ್ನೊಂದು ಕಡೆ ಸುಮ್ಮನೆ ತಾಗಿಸಿದ್ದಾಗ ಆ ಕುಣಿತ ಸಣ್ಣದಿತ್ತು. ಎರಡೂ ಕಡೆ ಬಿಗಿಯಾಗಿ ಅಂಟಿಸಿದ ಮೇಲೆ ಅದು ಎಷ್ಟೋ ಪಟ್ಟು ದೊಡ್ಡದಾಯಿತು.